‘ಸರಸರ’ ಹೊರಗೆಡವಿದ ದೋಷ: ಪೈಥಾನ್ ಪದ ಊಹೆಯ ಆಟದಲ್ಲಿ ಅಕ್ಷರ ಹೊಂದಾಣಿಕೆಯ ಒಂದು ಪ್ರಕರಣ ಅಧ್ಯಯನ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬರೆದಿದ್ದ ಪದ ಊಹಿಸುವ ಆಟವೊಂದು ಮೂರು ವಾರ ಯಾರ ದೂರಿಗೂ ಗುರಿಯಾಗದೆ ನಡೆದು, ಒಂದು ಸಂಜೆ ಅಕ್ಕ ಟೈಪ್ ಮಾಡಿದ ಒಂದೇ ಒಂದು ಪದಕ್ಕೆ ಮುಗ್ಗರಿಸಿತು. ಪ್ರೋಗ್ರಾಂ ನಿಲ್ಲಲಿಲ್ಲ, ಎರರ್ ಬರಲಿಲ್ಲ, ಬಣ್ಣಗಳೂ ಎಂದಿನಂತೆ ಮೂಡಿದವು. ಆದರೆ ಆ ಬಣ್ಣಗಳನ್ನು ನಂಬಿ ಯೋಚಿಸಿದವರಿಗೆ ಉತ್ತರ ಸಿಗುವ ದಾರಿಯೇ ಮುಚ್ಚಿಹೋಗಿತ್ತು. ದೋಷ ಎಲ್ಲಿತ್ತು, ಅದನ್ನು ತಿದ್ದಲು ಹೋಗಿ ಮೊದಲು ನಾನು ಎಡವಿದ್ದೆಲ್ಲಿ, ತಿದ್ದಿದ ಮೇಲೆ ಕನ್ನಡ ಲಿಪಿಯ ಸ್ವರೂಪವೇ ಒಡ್ಡಿದ ಇನ್ನೊಂದು ತೊಡಕು ಹೇಗೆ ಬಗೆಹರಿಯಿತು ಎಂಬುದರ ವಿವರ ಇಲ್ಲಿದೆ.

ಆಟದ ನಿಯಮ ಬಹುತೇಕರಿಗೆ ಗೊತ್ತಿರುವಂಥದ್ದೇ. ಕಂಪ್ಯೂಟರ್ ತನ್ನ ಪಟ್ಟಿಯಿಂದ ನಾಲ್ಕಕ್ಷರದ ಪದವೊಂದನ್ನು ಗುಟ್ಟಾಗಿ ಆರಿಸಿಕೊಳ್ಳುತ್ತದೆ, ಆಡುವವರಿಗೆ ಆರು ಅವಕಾಶಗಳಿರುತ್ತವೆ. ಪ್ರತಿ ಊಹೆಗೂ ಅಕ್ಷರವಾರು ಉತ್ತರ ಬರುತ್ತದೆ: ಅಕ್ಷರ ತನ್ನ ಜಾಗದಲ್ಲೇ ಇದ್ದರೆ ಹಸಿರು, ಪದದಲ್ಲಿದ್ದರೂ ಜಾಗ ಬೇರೆಯಾಗಿದ್ದರೆ ಹಳದಿ, ಪದದಲ್ಲಿ ಇಲ್ಲವೇ ಇಲ್ಲ ಎಂದಾದರೆ ಬೂದು. ಜೋಶ್ ವಾರ್ಡಲ್ 2021ರ ಅಕ್ಟೋಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡ ವರ್ಡಲ್ ಆಟದ ಮೂಲಕ ಈ ಮೂರು ಬಣ್ಣಗಳ ಭಾಷೆ ಮನೆಮಾತಾಯಿತು. ಅಂದಿನಿಂದ ಪೈಥಾನ್ ಕಲಿಯುವವರು ಅಭ್ಯಾಸಕ್ಕೆಂದು ಬರೆಯುವ ಪ್ರೋಗ್ರಾಂಗಳಲ್ಲಿ ಇದೂ ಒಂದಾಗಿದೆ. ಮೇಲೆ ನಾನು ಹೇಳಿದ ನಿಯಮ ಕೇಳಲು ಪೂರ್ಣವಾಗಿ ಕಂಡರೂ ಅದರಲ್ಲೊಂದು ಬಿರುಕಿದೆ, ಮತ್ತು ನನ್ನ ಕೋಡ್ ಆ ಬಿರುಕನ್ನು ಯಥಾವತ್ತಾಗಿ ನಕಲು ಮಾಡಿತ್ತು.

ಆ ಸಂಜೆಯ ಆಟ

ಗುಟ್ಟಿನ ಪದ ‘ಅವಸರ’ವಾಗಿತ್ತು. ಅಕ್ಕ ಮೊದಲು ‘ಹಗರಣ’ ಎಂದು ಊಹಿಸಿದಳು. ರಕಾರಕ್ಕೆ ಹಳದಿ, ಉಳಿದ ಮೂರಕ್ಕೂ ಬೂದು ಬಂತು, ಅದು ಸರಿಯೇ. ರಕಾರ ಮೂರನೆಯ ಜಾಗದಲ್ಲಿಲ್ಲ ಎಂದ ಮೇಲೆ ಅದನ್ನು ಎರಡನೆಯ ಮತ್ತು ನಾಲ್ಕನೆಯ ಜಾಗಗಳಲ್ಲಿ ಒಟ್ಟಿಗೇ ಪರೀಕ್ಷಿಸುವ ಜಾಣತನದಿಂದ ಅವಳು ‘ಸರಸರ’ ಎಂದು ಬರೆದಳು. ಪರದೆಯ ಮೇಲೆ ಬಂದದ್ದು ಇದು:

ಸ 🟨  ರ 🟨  ಸ 🟩  ರ 🟩

ಪದಬಂಧ ಬಿಡಿಸಿ ಪಳಗಿದವರು ಇದನ್ನು ಹೇಗೆ ಓದುತ್ತಾರೆ ಎಂಬುದನ್ನು ಗಮನಿಸಬೇಕು. ನಾಲ್ಕಕ್ಕೂ ಬಣ್ಣ ಬಂದಿದೆ, ಆದ್ದರಿಂದ ಗುಟ್ಟಿನ ಪದದಲ್ಲಿರುವುದು ಎರಡು ಸಕಾರ, ಎರಡು ರಕಾರ ಮಾತ್ರ. ಮೂರನೆಯದು ಸ, ನಾಲ್ಕನೆಯದು ರ ಎಂಬುದು ಖಚಿತವಾಗಿದೆ. ಉಳಿದಿರುವುದು ಒಂದು ಸ, ಒಂದು ರ. ಮೊದಲನೆಯ ಜಾಗದಲ್ಲಿ ಸ ಇಲ್ಲವೆಂದು ಹಳದಿ ಹೇಳುತ್ತಿದೆ, ಹಾಗಾಗಿ ಅಲ್ಲಿ ರ, ಎರಡನೆಯದರಲ್ಲಿ ಸ. ತರ್ಕದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಅದು ಕೊಡುವ ಉತ್ತರ ‘ರಸಸರ’.

“ಏನೋ ಇದು, ರಸಸರ ಅಂತ ಯಾವ ನಿಘಂಟಿನಲ್ಲಿದೆಯೋ?” ಎಂದು ಕೇಳಿ, ಇನ್ನೂ ನಾಲ್ಕು ಅವಕಾಶಗಳಿದ್ದರೂ ಅಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. ಆಟದ ಪ್ರೋಗ್ರಾಂಗೆ ಇದಕ್ಕಿಂತ ದೊಡ್ಡ ಆರೋಪ ಬೇರೆ ಬೇಕಿಲ್ಲ. ಸುಳಿವು ಕಡಿಮೆಯಾದರೆ ಆಟ ಕಷ್ಟವಾಗುತ್ತದೆ, ಸುಳಿವೇ ಸುಳ್ಳಾದರೆ ಅದು ಆಟವಾಗಿ ಉಳಿಯುವುದಿಲ್ಲ.

ಕೋಡ್ ಏನು ಮಾಡುತ್ತಿತ್ತು

ನಾನು ಬರೆದಿದ್ದ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಎಲ್ಲರೂ ಮೊದಲ ಯತ್ನದಲ್ಲಿ ಬರೆಯುವಂಥದ್ದೇ ಆಗಿತ್ತು. ಊಹೆಯ ಮತ್ತು ಗುಟ್ಟಿನ ಪದದ ಒಂದೊಂದೇ ಜಾಗವನ್ನು ನೋಡು, ಎರಡೂ ಕಡೆ ಒಂದೇ ಅಕ್ಷರವಿದ್ದರೆ ಹಸಿರು, ಇಲ್ಲವಾದರೆ ಊಹೆಯ ಅಕ್ಷರ ಗುಟ್ಟಿನ ಪದದಲ್ಲಿದೆಯೇ ಎಂದು ‘ಇನ್’ ಆಪರೇಟರ್ ಮೂಲಕ ಕೇಳು, ಇದ್ದರೆ ಹಳದಿ, ಉಳಿದದ್ದೆಲ್ಲ ಬೂದು. ನಿಯಮವನ್ನು ಬಾಯಲ್ಲಿ ಹೇಳುವ ಕ್ರಮವೂ ಇದೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ತೊಂದರೆಯಿರುವುದು ‘ಇನ್’ ಕೊಡುವ ಉತ್ತರದಲ್ಲಿ. ಅದು ‘ಇದೆಯೇ’ ಎಂಬ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ‘ಎಷ್ಟಿದೆ’, ‘ಇನ್ನೂ ಉಳಿದಿದೆಯೇ’ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ‘ಅವಸರ’ದಲ್ಲಿರುವ ಒಂದೇ ಸಕಾರವನ್ನು ಮೂರನೆಯ ಜಾಗದ ಸಕಾರ ಹಸಿರಾಗಿ ತನ್ನದಾಗಿಸಿಕೊಂಡ ಮೇಲೂ, ಮೊದಲ ಜಾಗದ ಸಕಾರ ಅದನ್ನೇ ತೋರಿಸಿ ಹಳದಿ ಪಡೆಯಿತು. ಒಂದೇ ನಾಣ್ಯವನ್ನು ಎರಡು ಕಡೆ ಖರ್ಚು ಮಾಡಿದಂತಾಯಿತು. ಹಾಗಾಗಿ ಬಣ್ಣ ಹಚ್ಚುವುದನ್ನು ಬರಿಯ ಹೋಲಿಕೆ ಎಂದು ನೋಡದೆ ಜಮಾಖರ್ಚಿನ ಲೆಕ್ಕವೆಂದು ನೋಡಬೇಕು: ಗುಟ್ಟಿನ ಪದದ ಪ್ರತಿಯೊಂದು ಅಕ್ಷರವೂ ಒಮ್ಮೆ ಮಾತ್ರ ಖರ್ಚಾಗಬೇಕು.

ಇದು ಮೂರು ವಾರ ಏಕೆ ಬಯಲಾಗಲಿಲ್ಲ ಎಂಬುದಕ್ಕೂ ಕಾರಣವಿದೆ. ಊಹೆಯ ಪದದಲ್ಲಿ ಯಾವ ಅಕ್ಷರವೂ ಮರುಕಳಿಸದಿದ್ದರೆ ಹಳೆಯ ಕೋಡ್ ಸದಾ ಸರಿಯಾದ ಉತ್ತರವನ್ನೇ ಕೊಡುತ್ತದೆ. ಗುಟ್ಟಿನ ಪದದಲ್ಲಿ ಎಷ್ಟೇ ಪುನರಾವರ್ತನೆಯಿದ್ದರೂ ಚಿಂತೆಯಿಲ್ಲ. ಊಹೆಯಲ್ಲಿ ಒಂದು ಅಕ್ಷರ, ಗುಟ್ಟಿನ ಪದದಲ್ಲಿರುವುದಕ್ಕಿಂತ ಹೆಚ್ಚು ಸಲ ಬಂದಾಗ ಮಾತ್ರ ದೋಷ ತಲೆಯೆತ್ತುತ್ತದೆ. ಹಾಗೆ ನೋಡಿದರೆ ಕನ್ನಡದಲ್ಲಿ ಇದು ಬೇಗ ಬಯಲಾಗಬೇಕಿತ್ತು: ಸರಸರ, ಗರಗರ, ಪಟಪಟ, ಕಲಕಲ ಎಂದು ನಮ್ಮ ಅನುಕರಣಾವ್ಯಯಗಳ ಸಾಲೇ ನಾಲ್ಕಕ್ಷರದ ಜೋಡಿಪದಗಳಿಂದ ತುಂಬಿದೆ. ನಾನು ಪರೀಕ್ಷೆಗೆ ಇಟ್ಟುಕೊಂಡಿದ್ದ ಪದಗಳು ಮಾತ್ರ ಸಡಗರ, ಜನಪದ, ಹಗರಣ ಇಂಥವು. ಬರೆದವನೇ ಪರೀಕ್ಷಿಸಿದರೆ ಆಗುವುದು ಹೀಗೆಯೇ.

ತಿದ್ದುಪಡಿಯ ಮೊದಲ ಯತ್ನ

ಲೆಕ್ಕ ಇಡಬೇಕೆಂದು ತಿಳಿದ ಕೂಡಲೇ ನಾನು ಪೈಥಾನ್‌ನ ಕಲೆಕ್ಷನ್ಸ್ ಮಾಡ್ಯೂಲಿನಲ್ಲಿರುವ ಕೌಂಟರ್ ಅನ್ನು ತಂದೆ. ಪದವನ್ನು ಕೊಟ್ಟರೆ ಅದು ಯಾವ ಅಕ್ಷರ ಎಷ್ಟಿದೆ ಎಂದು ಎಣಿಸಿ ಡಿಕ್ಷನರಿಯಂತೆ, ಅಂದರೆ ಪ್ರತಿ ಅಕ್ಷರದ ಮುಂದೆ ಅದರ ಎಣಿಕೆ ಬರೆದ ಪಟ್ಟಿಯಂತೆ, ಇಟ್ಟುಕೊಳ್ಳುತ್ತದೆ. ಇಲ್ಲದ ಅಕ್ಷರವನ್ನು ಕೇಳಿದರೆ ಎರರ್ ಎಸೆಯದೆ ಸೊನ್ನೆ ಎನ್ನುತ್ತದೆ, ಈ ಕೆಲಸಕ್ಕೆ ಅದು ಬಹಳ ಅನುಕೂಲ. ಹಳೆಯ ಲೂಪಿನಲ್ಲೇ ಹಳದಿ ಕೊಡುವ ಮುನ್ನ ‘ಎಣಿಕೆ ಸೊನ್ನೆಗಿಂತ ಹೆಚ್ಚಿದೆಯೇ’ ಎಂದು ಕೇಳಿ, ಬಣ್ಣ ಕೊಟ್ಟಾಗಲೆಲ್ಲ ಎಣಿಕೆಯಿಂದ ಒಂದನ್ನು ಕಳೆಯುವಂತೆ ಬರೆದು ‘ಸರಸರ’ವನ್ನು ಮತ್ತೆ ಓಡಿಸಿದೆ.

ಬಂದದ್ದು ಮತ್ತೆ ಹಳದಿ, ಹಳದಿ, ಹಸಿರು, ಹಸಿರು. ಕೋಡ್ ಬದಲಾಗಿತ್ತು, ಉತ್ತರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಕಾಗದದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಬರೆದು ನೋಡಿದಾಗ ಕಾರಣ ತಿಳಿಯಿತು. ಆರಂಭದಲ್ಲಿ ಅ, ವ, ಸ, ರ ಒಂದೊಂದು. ಲೂಪ್ ಎಡದಿಂದ ಬಲಕ್ಕೆ ಹೋಗುವುದರಿಂದ ಮೊದಲ ಜಾಗದ ಸಕಾರವೇ ಮುಂಚೆ ಬರುತ್ತದೆ. ಅದು ಎಣಿಕೆಯಲ್ಲಿರುವ ಒಂದೇ ಸಕಾರವನ್ನು ಹಳದಿಗಾಗಿ ಖರ್ಚು ಮಾಡಿಬಿಡುತ್ತದೆ. ಮೂರನೆಯ ಜಾಗದ ಸಕಾರಕ್ಕೆ ಬರುವಾಗ ಖಾತೆ ಖಾಲಿ, ಆದರೆ ಅಲ್ಲಿ ಅಕ್ಷರ ಜಾಗಸಹಿತ ಹೊಂದುವುದರಿಂದ ಹಸಿರು ಬಂದೇ ಬರುತ್ತದೆ, ಎಣಿಕೆ ಮೈನಸ್ ಒಂದಕ್ಕೆ ಇಳಿಯುತ್ತದೆ. ಹಸಿರಿಗೂ ಎಣಿಕೆಯ ಷರತ್ತು ಹಾಕಿ ನೋಡಿದೆ. ಆಗ ಹಳದಿ, ಹಳದಿ, ಬೂದು, ಬೂದು ಬಂದು, ಸರಿಯಾದ ಜಾಗದಲ್ಲಿದ್ದ ಎರಡು ಅಕ್ಷರಗಳೇ ಇಲ್ಲವೆಂದಾಯಿತು. ಅದು ಮೊದಲಿನದಕ್ಕಿಂತಲೂ ಕೆಟ್ಟ ಸುಳ್ಳು.

ಇದೇ ಹಂತದಲ್ಲಿ ಬೇರೆ ಎರಡು ದಾರಿಗಳಲ್ಲೂ ಜನ ಸಿಕ್ಕಿಕೊಳ್ಳುವುದುಂಟು. ಬಳಸಿದ ಅಕ್ಷರವನ್ನು ಗುಟ್ಟಿನ ಪದದಿಂದ ಅಳಿಸಲು ಸ್ಟ್ರಿಂಗಿನ (ಪೈಥಾನ್ ಪದವನ್ನು ಇಟ್ಟುಕೊಳ್ಳುವ ಅಕ್ಷರಸಾಲಿನ) ‘ರಿಪ್ಲೇಸ್’ ಕರೆದರೆ ಅದು ಆ ಅಕ್ಷರವನ್ನು ಎಲ್ಲೆಡೆ ಅಳಿಸುತ್ತದೆ. ಒಂದನ್ನಷ್ಟೇ ಅಳಿಸಲು ಕೊನೆಯಲ್ಲಿ ಸಂಖ್ಯೆ ಒಂದನ್ನು ಕೊಡಬೇಕು. ಜಾಗದ ಸಂಖ್ಯೆ ಬೇಕೆಂದು ಊಹೆಯ ಮೇಲೆ ‘ಇಂಡೆಕ್ಸ್’ ಕರೆದರೆ ಅದು ಯಾವಾಗಲೂ ಮೊದಲ ಜಾಗವನ್ನೇ ಹೇಳುತ್ತದೆ. ಪೈಥಾನ್ ಜಾಗಗಳನ್ನು ಸೊನ್ನೆಯಿಂದ ಎಣಿಸುತ್ತದೆ, ‘ಸರಸರ’ದ ಎರಡನೆಯ ಸಕಾರಕ್ಕೂ ಸೊನ್ನೆ ಎಂದೇ ಉತ್ತರ ಬರುವುದರಿಂದ ಅದಕ್ಕೆ ಹಸಿರು ಸಿಗುವುದೇ ಇಲ್ಲ. ಲೂಪಿನಲ್ಲಿ ‘ಎನ್ಯುಮರೇಟ್’ ಬಳಸಿ ಜಾಗದ ಸಂಖ್ಯೆಯನ್ನು ಜೊತೆಯಲ್ಲೇ ಒಯ್ಯುವುದು ಕ್ಷೇಮ.

ಎರಡು ಸುತ್ತು

ಪರಿಹಾರ ಚಿಕ್ಕದು. ಹಸಿರಿಗೆ ಮೊದಲ ಹಕ್ಕು ಕೊಡಬೇಕು, ಅದು ಮುಗಿದ ಮೇಲೆ ಉಳಿದದ್ದನ್ನು ಹಳದಿಗೆ ಹಂಚಬೇಕು. ಎರಡನ್ನೂ ಒಂದೇ ಲೂಪಿನಲ್ಲಿ ಮಾಡಹೊರಟರೆ, ಎಡಗಡೆಯ ಹಳದಿ ಬಲಗಡೆಯ ಹಸಿರಿನ ಪಾಲನ್ನು ಕಸಿಯುವುದನ್ನು ತಡೆಯಲು ಮುಂದಿನ ಜಾಗಗಳನ್ನೆಲ್ಲ ಇಣುಕಿ ನೋಡಬೇಕಾಗುತ್ತದೆ. ಆದ್ದರಿಂದ ಎರಡು ಲೂಪ್.

ಮೊದಲ ಸುತ್ತಿನಲ್ಲಿ ಜಾಗಸಹಿತ ಹೊಂದುವ ಅಕ್ಷರಗಳನ್ನು ಮಾತ್ರ ಹಸಿರು ಮಾಡಿ, ಹೊಂದದ ಜಾಗಗಳಲ್ಲಿ ಗುಟ್ಟಿನ ಪದದ ಯಾವ ಅಕ್ಷರಗಳಿವೆಯೋ ಅವನ್ನಷ್ಟೇ ಕೌಂಟರ್‌ಗೆ ಸೇರಿಸುತ್ತೇವೆ. ಎರಡನೆಯ ಸುತ್ತಿನಲ್ಲಿ ಹಸಿರಾಗದ ಜಾಗಗಳನ್ನು ಎಡದಿಂದ ನೋಡುತ್ತಾ, ಕೌಂಟರ್‌ನಲ್ಲಿ ಆ ಅಕ್ಷರ ಉಳಿದಿದ್ದರೆ ಹಳದಿ ಕೊಟ್ಟು ಒಂದನ್ನು ಕಳೆಯುತ್ತೇವೆ. ‘ಸರಸರ’ದ ಮಟ್ಟಿಗೆ ಅದು ಹೀಗೆ ನಡೆಯುತ್ತದೆ:

ಸುತ್ತು 1: ಜಾಗ 3ರ ಸ ಹಸಿರು, ಜಾಗ 4ರ ರ ಹಸಿರು. ಕೌಂಟರ್‌ನಲ್ಲಿ ಉಳಿದದ್ದು ಅ ಒಂದು, ವ ಒಂದು.
ಸುತ್ತು 2: ಜಾಗ 1ರ ಸ ಕೌಂಟರ್‌ನಲ್ಲಿಲ್ಲ, ಬೂದು. ಜಾಗ 2ರ ರ ಕೌಂಟರ್‌ನಲ್ಲಿಲ್ಲ, ಬೂದು.

ಸ ⬜  ರ ⬜  ಸ 🟩  ರ 🟩

ಈಗ ಬಣ್ಣಗಳು ಹೇಳುವುದು: ಸಕಾರ ಒಂದೇ, ರಕಾರ ಒಂದೇ, ಎರಡರ ಜಾಗವೂ ಗೊತ್ತಾಗಿದೆ, ಮೊದಲೆರಡು ಅಕ್ಷರಗಳು ಬೇರೆ ಯಾವುವೋ. ಹೀಗಾಗಿ ಬೂದಿನ ಅರ್ಥವೂ ಬದಲಾಯಿತು ಎಂಬುದನ್ನು ಸಹಾಯದ ಪುಟದಲ್ಲಿ ಬರೆಯಬೇಕಾಯಿತು: ಬೂದು ಎಂದರೆ ‘ಈ ಅಕ್ಷರ ಪದದಲ್ಲಿಲ್ಲ’ ಎಂದಲ್ಲ, ‘ಈಗಾಗಲೇ ಬಣ್ಣ ಬಂದಿರುವುದಕ್ಕಿಂತ ಹೆಚ್ಚಿಗೆ ಇಲ್ಲ’ ಎಂದು.

ಎಡದಿಂದ ಬಲಕ್ಕೆ ಎಂಬ ಕ್ರಮದ ಬಗ್ಗೆ ಒಂದು ಮಾತು. ಊಹೆಯಲ್ಲಿ ಒಂದು ಅಕ್ಷರ ಎರಡು ಸಲ ಬಂದು, ಎರಡೂ ತಪ್ಪು ಜಾಗದಲ್ಲಿದ್ದು, ಗುಟ್ಟಿನ ಪದದಲ್ಲಿ ಅದು ಒಂದೇ ಇದ್ದರೆ, ಎಡಗಡೆಯದಕ್ಕೆ ಹಳದಿ, ಬಲಗಡೆಯದಕ್ಕೆ ಬೂದು ಬರುತ್ತದೆ. ಇದನ್ನು ತಿರುಗಿಸಿ ಬಲಗಡೆಯದಕ್ಕೇ ಹಳದಿ ಕೊಟ್ಟರೂ ಆಡುವವರಿಗೆ ಸಿಗುವ ಮಾಹಿತಿ ಅದೇ: ಅಕ್ಷರ ಒಂದಿದೆ, ಈ ಎರಡೂ ಜಾಗಗಳಲ್ಲಿಲ್ಲ. ಹಸಿರಿಗೆ ಮೊದಲ ಹಕ್ಕು ಎಂಬುದು ತರ್ಕದ ಅಗತ್ಯ, ಹಳದಿ ಹಂಚುವ ಕ್ರಮ ಬರಿಯ ರೂಢಿ.

ಜಾಗವಾರು ಬಣ್ಣವಿಲ್ಲದ ಆಟದಲ್ಲಿ ಈ ಗೊಂದಲವೇ ಹುಟ್ಟುವುದಿಲ್ಲ. ಮಾಸ್ಟರ್‌ಮೈಂಡ್ ಎಂಬ ಬಣ್ಣದ ಗೂಟಗಳ ಆಟದಲ್ಲಿ ‘ಜಾಗಸಹಿತ ಸರಿ ಇಷ್ಟು, ಬಣ್ಣವಷ್ಟೇ ಸರಿ ಇಷ್ಟು’ ಎಂದು ಎರಡು ಸಂಖ್ಯೆಗಳನ್ನು ಮಾತ್ರ ಹೇಳುತ್ತಾರೆ, ಯಾವ ಗೂಟಕ್ಕೆ ಯಾವುದು ಎಂದು ಹೇಳುವುದಿಲ್ಲ. ನಾಲ್ಕು ಜಾಗ, ಆರು ಬಣ್ಣಗಳ ಆ ಆಟದ 1296 ಸಾಧ್ಯತೆಗಳಲ್ಲಿ ಯಾವುದೇ ಇರಲಿ, ಐದು ಊಹೆಗಳೊಳಗೆ ಹಿಡಿಯಬಹುದೆಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1977ರಲ್ಲಿ ತೋರಿಸಿಕೊಟ್ಟರು. ಅಲ್ಲಿನ ಒಟ್ಟು ಎಣಿಕೆಯ ಸೂತ್ರ ನನ್ನ ಪರೀಕ್ಷೆಗೆ ನೇರವಾಗಿ ಒದಗಿಬಂತು: ಪ್ರತಿ ಅಕ್ಷರ ಊಹೆಯಲ್ಲಿ ಎಷ್ಟಿದೆ, ಗುಟ್ಟಿನ ಪದದಲ್ಲಿ ಎಷ್ಟಿದೆ, ಆ ಎರಡರಲ್ಲಿ ಕಡಿಮೆಯದನ್ನು ತೆಗೆದುಕೊಂಡು ಎಲ್ಲವನ್ನೂ ಕೂಡಿದರೆ ಬರುವ ಸಂಖ್ಯೆಯೇ ಹಸಿರು ಮತ್ತು ಹಳದಿಗಳ ಒಟ್ಟು ಮೊತ್ತವಾಗಿರಬೇಕು. ಪೈಥಾನ್‌ನಲ್ಲಿ ಎರಡು ಕೌಂಟರ್‌ಗಳ ನಡುವೆ ‘&’ ಚಿಹ್ನೆ ಹಾಕಿದರೆ ಈ ಕನಿಷ್ಠ ಎಣಿಕೆ ಸಿದ್ಧವಾಗಿಯೇ ಸಿಗುತ್ತದೆ.

ಮೂರು ಅಕ್ಷರಗಳಿಂದ ಕಟ್ಟಬಹುದಾದ ನಾಲ್ಕು ಜಾಗದ ಸಾಲುಗಳು 81. ಊಹೆಗೂ ಗುಟ್ಟಿಗೂ ಅವನ್ನೇ ಕೊಟ್ಟರೆ 6561 ಜೋಡಿಗಳು, ಕಂಪ್ಯೂಟರ್‌ಗೆ ಅದು ಕಣ್ಣೆವೆ ಮಿಟುಕಿಸುವಷ್ಟರ ಕೆಲಸ. ಅರ್ಥವಿರುವ ಪದಗಳೇ ಬೇಕೆಂದು ಕೂರದೆ ಈ ಜೋಡಿಗಳೆಲ್ಲವನ್ನೂ ಓಡಿಸಿ ಮೇಲಿನ ಮೊತ್ತವನ್ನು ತಾಳೆ ನೋಡಿದೆ. ಊಹೆಯನ್ನೂ ಗುಟ್ಟನ್ನೂ ಅದಲು ಬದಲು ಮಾಡಿದರೆ ಮೊತ್ತ ಬದಲಾಗಬಾರದು ಎಂಬುದು ಇನ್ನೊಂದು ತಾಳೆ. ಹಳೆಯ ಕೋಡ್ ಇದರಲ್ಲೇ ಸಿಕ್ಕಿಬೀಳುತ್ತಿತ್ತು: ‘ಅವಸರ’ಕ್ಕೆ ‘ಸರಸರ’ ಎಂದರೆ ನಾಲ್ಕು ಬಣ್ಣ, ‘ಸರಸರ’ಕ್ಕೆ ‘ಅವಸರ’ ಎಂದರೆ ಎರಡೇ. ಮೂರನೆಯದು ಬಹಳ ಸರಳ. ಮೂರು ಹಸಿರು, ಒಂದು ಹಳದಿ ಎಂಬ ಉತ್ತರ ಬರಲೇಕೂಡದು. ಮೂರು ಜಾಗ ಸರಿಯಾದ ಮೇಲೆ ನಾಲ್ಕನೆಯ ಅಕ್ಷರಕ್ಕೆ ಹೋಗಲು ಬೇರೆ ಜಾಗ ಎಲ್ಲಿದೆ? ಹಾಗಾಗಿ 81 ಬಣ್ಣದ ವಿನ್ಯಾಸಗಳಲ್ಲಿ ನಾಲ್ಕು ಅಸಾಧ್ಯವಾಗಿ, ನಿಜಕ್ಕೂ ಬರಬಹುದಾದವು 77.

ಈ ಪರೀಕ್ಷೆಗಳೆಲ್ಲ ಸಾಧ್ಯವಾದದ್ದು ಬಣ್ಣ ನಿರ್ಧರಿಸುವ ಫಂಕ್ಷನ್ನನ್ನು ಬಣ್ಣ ಮುದ್ರಿಸುವ ಭಾಗದಿಂದ ಬೇರ್ಪಡಿಸಿದ ಮೇಲೆ. ಮೊದಲು ಎರಡೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಈಗ ಮೊದಲನೆಯದು ಹಸಿರಿಗೆ 2, ಹಳದಿಗೆ 1, ಬೂದಿಗೆ 0 ಎಂದು ಅಂಕೆಗಳ ಲಿಸ್ಟ್ ಹಿಂದಿರುಗಿಸುತ್ತದೆ, ಅಷ್ಟೇ. ಮುದ್ರಿಸುವ ಭಾಗ ಟರ್ಮಿನಲ್ಲಿಗೆ (ಪ್ರೋಗ್ರಾಂನ ಪಠ್ಯ ಮೂಡುವ ಪರದೆಗೆ) ಬಣ್ಣ ಬದಲಿಸುವ ಸಂಕೇತವಾದ ಎಸ್ಕೇಪ್ ಕೋಡ್ ಕಳಿಸುತ್ತದೆ: ಹಸಿರು ಹಿನ್ನೆಲೆಗೆ 42, ಹಳದಿಗೆ 43, ಬೂದಿಗೆ 100, ಕೊನೆಗೆ ಮರೆಯದೆ 0. ಆ ಸೊನ್ನೆಯನ್ನು ಮರೆತರೆ ಬಣ್ಣ ಮುಂದಿನ ಸಾಲುಗಳಿಗೂ ಹರಿಯುತ್ತದೆ. ಹಸಿರು ಮತ್ತು ಹಳದಿಯ ನಡುವಿನ ಭೇದ ಎಲ್ಲರ ಕಣ್ಣಿಗೂ ಒಂದೇ ರೀತಿ ತಿಳಿಯುವುದಿಲ್ಲವಾದ್ದರಿಂದ ಬಣ್ಣದ ಜೊತೆಗೆ ಒಂದು ಚಿಹ್ನೆಯನ್ನೂ ಹಾಕುವುದು ಒಳ್ಳೆಯದು.

‘ಅಕ್ಷರ’ ಎಂದರೆ ಯಾವುದು

ಇಲ್ಲಿಯವರೆಗಿನ ಪದಗಳಲ್ಲಿ ಕಾಗುಣಿತದ ಚಿಹ್ನೆಯಾಗಲಿ ಒತ್ತಾಗಲಿ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಅದು ಆಕಸ್ಮಿಕವಲ್ಲ. ಆರಂಭದಲ್ಲಿ ‘ಮಾತು’ ಎಂಬ ಪದವನ್ನು ಹಾಕಿದಾಗ ಪ್ರೋಗ್ರಾಂ ಅದನ್ನು ನಾಲ್ಕಕ್ಷರದ ಪದವೆಂದು ಸ್ವೀಕರಿಸಿ, ಬಣ್ಣ ಹಚ್ಚುವಾಗ ‘ಮ’ವನ್ನೂ ದೀರ್ಘದ ಚಿಹ್ನೆಯನ್ನೂ ಬೇರೆ ಬೇರೆ ಚೌಕಗಳಲ್ಲಿ ತೋರಿಸಿತ್ತು, ಆ ಚಿಹ್ನೆ ಚುಕ್ಕೆಗಳ ವೃತ್ತವೊಂದಕ್ಕೆ ಜೋತುಬಿದ್ದಿತ್ತು. ಅಂದು ಹೆದರಿ ನಾನು ಕಾಗುಣಿತದ ಪದಗಳನ್ನೇ ಕೈಬಿಟ್ಟಿದ್ದೆ. ಎಣಿಕೆಯ ದೋಷ ತಿದ್ದಿದ ಮೇಲೆ ಇದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ.

ಪೈಥಾನ್‌ನ ಸ್ಟ್ರಿಂಗ್ ಎಣಿಸುವುದು ಯೂನಿಕೋಡ್‌ನ ಕೋಡ್‌ಪಾಯಿಂಟ್‌ಗಳನ್ನು, ಅಂದರೆ ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿ ಪ್ರತಿ ಲಿಪಿಚಿಹ್ನೆಗೂ ಕೊಟ್ಟಿರುವ ಒಂದೊಂದು ಸಂಖ್ಯೆಯನ್ನು. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತು ಕೂಡಿಸುವ ಹಲಂತ ಚಿಹ್ನೆ ಇವೆಲ್ಲ ಪ್ರತ್ಯೇಕ ಕೋಡ್‌ಪಾಯಿಂಟ್‌ಗಳೇ. ‘ಕನ್ನಡ’ದ ಉದ್ದವನ್ನು ‘ಲೆನ್’ ಮೂಲಕ ಕೇಳಿದರೆ 5 ಎಂದು ಬರುತ್ತದೆ: ಕ, ನ, ಹಲಂತ, ನ, ಡ. ಓದುವವರ ಕಣ್ಣಿಗೆ ಅದು ಮೂರೇ ಅಕ್ಷರ. ‘ಸ್ವಾತಂತ್ರ್ಯ’ ನಮಗೆ ಮೂರಕ್ಷರ, ಪೈಥಾನ್‌ಗೆ 11. ಹೊಂದಾಣಿಕೆ ನೋಡುವ ಮುನ್ನ ಯಾವುದನ್ನು ಒಂದಕ್ಷರವೆಂದು ಹಿಡಿಯಬೇಕು ಎಂಬ ತೀರ್ಮಾನ ಆಗಿರಲೇಬೇಕು, ಮತ್ತು ಕನ್ನಡದ ಆಟಕ್ಕೆ ಅದು ಛಂದಸ್ಸಿನಲ್ಲಿ ನಾವು ಎಣಿಸುವ ಅಕ್ಷರವೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಒಡೆಯುವ ಫಂಕ್ಷನ್ ಹತ್ತು ಸಾಲಿನದು. ಕೋಡ್‌ಪಾಯಿಂಟ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋಗಬೇಕು. ಯೂನಿಕೋಡ್ ಅದನ್ನು ‘ಮಾರ್ಕ್’ ವರ್ಗಕ್ಕೆ ಸೇರಿಸಿದ್ದರೆ, ಅಂದರೆ ಅದು ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತವಾಗಿದ್ದರೆ, ಹಿಂದಿನ ಅಕ್ಷರಕ್ಕೇ ಅಂಟಿಸಬೇಕು. ಅದು ವ್ಯಂಜನವಾಗಿದ್ದು ಅದರ ಹಿಂದೆ ಹಲಂತವಿದ್ದರೆ ಆಗಲೂ ಅಂಟಿಸಬೇಕು. ಉಳಿದ ಸಂದರ್ಭಗಳಲ್ಲಿ ಹೊಸ ಅಕ್ಷರ ಶುರುವಾಗುತ್ತದೆ. ವರ್ಗವನ್ನು ತಿಳಿಯಲು ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್ ಸಾಕು. ‘ಪುಸ್ತಕ’ ಕೊಟ್ಟರೆ ಪು, ಸ್ತ, ಕ ಎಂದು ಮೂರು ತುಂಡುಗಳ ಲಿಸ್ಟ್ ಬಂತು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳಿರುವ ಪದಗಳನ್ನು ಮಾತ್ರ, ಗೋಜಲು ಬೇಡವೆಂದು, ಪಟ್ಟಿಯಿಂದಲೇ ತೆಗೆದೆ.

ಒಡೆಯುವ ಮುನ್ನ ಇನ್ನೊಂದು ಕೆಲಸವಿದೆ. ‘ಕೋ’ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್‌ಪಾಯಿಂಟಾಗಿ ಬರೆಯಬಹುದು, ಮೂರು ಬಿಡಿಭಾಗಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಪೈಥಾನ್‌ನ ಹೋಲಿಕೆಯಲ್ಲಿ ಬೇರೆ ಬೇರೆ. ಪಟ್ಟಿಯ ಪದವನ್ನೂ ಟೈಪ್ ಮಾಡಿದ ಪದವನ್ನೂ ಅದೇ ಮಾಡ್ಯೂಲಿನ ‘ನಾರ್ಮಲೈಸ್’ ಫಂಕ್ಷನ್ ಮೂಲಕ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ, ಸರಿಯುತ್ತರ ಬರೆದವರಿಗೂ ಬೂದು ಸಿಗುವ ದಿನ ಬಂದೀತು.

ಸಂತೋಷದ ಸಂಗತಿಯೆಂದರೆ ಎರಡು ಸುತ್ತಿನ ಫಂಕ್ಷನ್ನಿನಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಲಿಲ್ಲ. ಅದಕ್ಕೆ ಸ್ಟ್ರಿಂಗ್ ಬದಲು ಅಕ್ಷರಗಳ ಲಿಸ್ಟ್ ಕೊಟ್ಟೆ. ಕೌಂಟರ್‌ಗೆ ತುಂಡು ‘ಸ’ ಆದರೇನು, ‘ಸ್ತ’ ಆದರೇನು. ಊಹೆಯಲ್ಲಿ ನಾಲ್ಕೇ ಅಕ್ಷರವಿದೆಯೇ ಎಂಬ ತಪಾಸಣೆಯನ್ನು ಮಾತ್ರ ಒಡೆದ ಮೇಲೆ ಮಾಡಬೇಕು. ‘ಜಿಪ್’ ಮೂಲಕ ಎರಡು ಲಿಸ್ಟ್ ಜೋಡಿಸುವಾಗ ಒಂದು ಗಿಡ್ಡವಾಗಿದ್ದರೆ ಅದು ಸದ್ದಿಲ್ಲದೆ ಅಲ್ಲಿಗೇ ನಿಲ್ಲಿಸುತ್ತದೆ. ಪೈಥಾನ್ 3.10ರಿಂದ ‘ಸ್ಟ್ರಿಕ್ಟ್’ ಎಂಬ ಆಯ್ಕೆ ಕೊಟ್ಟರೆ ಅಂಥ ಸಂದರ್ಭದಲ್ಲಿ ಎರರ್ ಬರುತ್ತದೆ.

ಹೊಸ ಪದಗಳು ಬಂದ ಮೇಲೆ, ಪರದೆಯ ಕೆಳಗಿನ ‘ಬಳಸಿದ ಅಕ್ಷರಗಳು’ ಪಟ್ಟಿಯಲ್ಲಿ ಅದೇ ಹಳೆಯ ಲೆಕ್ಕದ ಚಿಕ್ಕ ತಮ್ಮನೊಬ್ಬ ಸಿಕ್ಕಿದ. ಗುಟ್ಟು ‘ಗಡಿಯಾರ’, ಊಹೆ ‘ಗರಗಸ’. ಮೊದಲ ಗಕಾರ ಹಸಿರು, ರಕಾರ ಹಳದಿ, ಎರಡನೆಯ ಗಕಾರ ಬೂದು, ಸಕಾರ ಬೂದು. ಸಾಲು ಸರಿಯಾಗಿತ್ತು. ಆದರೆ ಕೆಳಗಿನ ಪಟ್ಟಿಯ ಡಿಕ್ಷನರಿ ಪ್ರತಿ ಅಕ್ಷರಕ್ಕೂ ಕೊನೆಗೆ ಬಂದ ಬಣ್ಣವನ್ನೇ ಇಟ್ಟುಕೊಳ್ಳುತ್ತಿದ್ದುದರಿಂದ ಗಕಾರ ಅಲ್ಲಿ ಬೂದಾಗಿ ಕುಳಿತಿತ್ತು. ಬಣ್ಣಗಳು 2, 1, 0 ಎಂಬ ಅಂಕೆಗಳಾಗಿದ್ದುದು ಇಲ್ಲಿ ನೆರವಿಗೆ ಬಂತು. ಹಳೆಯದು, ಹೊಸದು ಎರಡರಲ್ಲಿ ದೊಡ್ಡದನ್ನು ಇಟ್ಟುಕೋ ಎಂದು ಬರೆದರೆ ಮುಗಿಯಿತು.

ಅರೆಹೊಂದಾಣಿಕೆಯ ಚುಕ್ಕೆ

ಆಟ ಈಗ ಸತ್ಯವನ್ನೇ ಹೇಳುತ್ತಿತ್ತು, ಆದರೆ ಜಿಪುಣತನದಿಂದ. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರ. ನಮ್ಮ 34 ವ್ಯಂಜನಗಳಿಗೆ ಹನ್ನೆರಡರಂತೆ ಕಾಗುಣಿತ ಹಿಡಿದರೂ, ಒತ್ತಕ್ಷರಗಳನ್ನು ಬಿಟ್ಟೇ ನಾನೂರು ದಾಟುತ್ತದೆ. ಗುಟ್ಟಿನಲ್ಲಿ ‘ಳೆ’ ಇದ್ದು ಆಡುವವರು ‘ಳಿ’ ಎಂದರೆ, ಬರಿಯ ಬೂದು ತೋರಿಸುವುದು ಸುಳ್ಳಲ್ಲದಿದ್ದರೂ ನ್ಯಾಯವಲ್ಲ. ಮೂಲವ್ಯಂಜನ ಸರಿಯಿದೆ, ಕಾಗುಣಿತ ಬೇರೆ ಎಂದು ಹೇಳಲು ಒಂದು ದಾರಿ ಬೇಕಿತ್ತು.

ಮೊದಲು ನಾನು ಅದನ್ನು ನಾಲ್ಕನೆಯ ಬಣ್ಣವಾಗಿಸಿ, ಹಸಿರು ಹಳದಿಗಳ ನಂತರ ಮೂರನೆಯ ಸುತ್ತಿನಲ್ಲಿ ಅದೇ ಕೌಂಟರ್‌ನಿಂದ ಹಂಚಲು ಹೋದೆ. ಜಮಾಖರ್ಚಿನ ಪಾಠ ಹೊಸದಾಗಿ ಕಲಿತಿದ್ದೆನಲ್ಲ, ಎಲ್ಲಕ್ಕೂ ಅದನ್ನೇ ಅನ್ವಯಿಸುವ ಉತ್ಸಾಹ. ಗುಟ್ಟು ‘ಮಳೆಗಾಲ’, ಊಹೆ ‘ಕಲಕಲು’ ಎಂದಿಟ್ಟುಕೊಳ್ಳಿ. ಎರಡನೆಯ ಜಾಗದ ‘ಲ’ ಹಳದಿಯಾಗಿ, ಗುಟ್ಟಿನ ಒಂದೇ ಲಕಾರವನ್ನು ಖರ್ಚು ಮಾಡುತ್ತದೆ. ನಾಲ್ಕನೆಯ ಜಾಗದ ‘ಲು’ವಿಗೆ ಏನೂ ಉಳಿಯದೆ ಬೂದು ಬರುತ್ತದೆ, ಕೊನೆಯ ಅಕ್ಷರ ಲಕಾರದ ಕಾಗುಣಿತದ್ದೇ ಅಲ್ಲ ಎಂದು ಆಡುವವರು ತಿಳಿಯುತ್ತಾರೆ. ಅದು ಸುಳ್ಳು. ಆದ್ಯತೆಯನ್ನು ತಿರುಗಿಸಿದರೆ ‘ಲ’ ಬೂದಾಗಿ, ಪದದಲ್ಲಿ ಲಕಾರವೇ ಇಲ್ಲವೆಂದಾಗುತ್ತದೆ. ಅದೂ ಸುಳ್ಳು.

ಎರಡು ಸಂಜೆ ಇದರ ಮೇಲೆ ಕಳೆದ ಬಳಿಕ ಹೊಳೆದದ್ದು ಇಷ್ಟು: ಹಳದಿ ಹೇಳುವುದು ಪದದಲ್ಲಿ ಅಕ್ಷರ ಎಷ್ಟಿದೆ ಎಂಬ ಪ್ರಮಾಣವನ್ನು, ಅದಕ್ಕೆ ಲೆಕ್ಕ ಬೇಕು. ಅರೆಹೊಂದಾಣಿಕೆ ಹೇಳುವುದು ಆ ಒಂದು ಜಾಗದ ಬಗ್ಗೆ ಮಾತ್ರ, ಅದಕ್ಕೆ ಯಾರ ಪಾಲೂ ಬೇಕಿಲ್ಲ. ಹಾಗಾಗಿ ಅದನ್ನು ಬಣ್ಣಗಳ ಸಾಲಿನಿಂದಲೇ ಹೊರತೆಗೆದು ಅಕ್ಷರದ ಕೆಳಗೆ ಒಂದು ಚುಕ್ಕೆಯಾಗಿಸಿದೆ. ಹಸಿರಲ್ಲದ ಯಾವುದೇ ಜಾಗದಲ್ಲಿ, ಊಹೆಯ ತುಂಡಿನ ಮೊದಲ ಕೋಡ್‌ಪಾಯಿಂಟ್ ಮತ್ತು ಗುಟ್ಟಿನ ತುಂಡಿನ ಮೊದಲ ಕೋಡ್‌ಪಾಯಿಂಟ್ ಒಂದೇ ಆಗಿದ್ದರೆ ಚುಕ್ಕೆ. ಹಳದಿಯ ಕೆಳಗೂ ಚುಕ್ಕೆ ಬರಬಹುದು, ಬೂದಿನ ಕೆಳಗೂ ಬರಬಹುದು. ಕೌಂಟರ್ ಇದರ ಗೊಡವೆಗೆ ಬರುವುದಿಲ್ಲ. ‘ಸ್ತ’ ಮತ್ತು ‘ಸ್ವಾ’ಗಳಿಗೂ ಚುಕ್ಕೆ ಸಿಗುವುದು ಉದಾರವಾಯಿತೇ ಎಂಬ ಅನುಮಾನ ಇನ್ನೂ ಇದೆ, ಆದರೆ ಆಡುವವರು ಅದನ್ನು ಆಕ್ಷೇಪಿಸಿಲ್ಲ.

ಅಕ್ಕನನ್ನು ಮತ್ತೆ ಕರೆದು ಕೂರಿಸಿದಾಗ ಬಂದ ಪದ ‘ಮಳೆಗಾಲ’. ಅವಳ ಮೊದಲ ಊಹೆ ‘ಬರಗಾಲ’, ಎರಡನೆಯದು ‘ಚಳಿಗಾಲ’:

ಬ ⬜  ರ ⬜  ಗಾ 🟩  ಲ 🟩
ಚ ⬜  ಳಿ ⬜•  ಗಾ 🟩  ಲ 🟩

ಚುಕ್ಕೆಯ ಮೇಲೆ ಬೆರಳಿಟ್ಟು ಒಂದು ಕ್ಷಣ ನೋಡಿದಳು, ಮೂರನೆಯ ಸಾಲು ಪೂರ್ತಿ ಹಸಿರಾಯಿತು.